ಲೆಕ್ಲೇರ್ ತವರಿನಲ್ಲಿ ಗೆದ್ದ ಸಂಜೆ, ಎಂ.ಜಿ. ರಸ್ತೆಯ ಕೆಫೆಯಲ್ಲಿ

2024ರ ಮೇ 26ರ ಭಾನುವಾರ ನಡೆದ ಮೊನಾಕೊ ಗ್ರ್ಯಾನ್ ಪ್ರಿ ಎಂಬ ಫಾರ್ಮುಲಾ ಒನ್ ಕಾರ್ ರೇಸನ್ನು ನಾನು ನೋಡಿದ್ದು ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಕೆಫೆಯೊಂದರ ಮಹಡಿಯಲ್ಲಿ, ಗೋಡೆಯ ಮೇಲೆ ಮೂಡಿಸಿದ ಪ್ರೊಜೆಕ್ಟರ್ ಚಿತ್ರದಲ್ಲಿ. ಮೊದಲ ಸುತ್ತಿನಲ್ಲೇ ಪೆರೆಜ್ ಸೇರಿದಂತೆ ಮೂವರು ಚಾಲಕರ ಕಾರುಗಳು ನುಜ್ಜುಗುಜ್ಜಾಗಿ, ರೇಸ್ ನಿಲ್ಲಿಸುವ ಕೆಂಪು ಬಾವುಟ ಹಾರಿದ ಹೊತ್ತಿಗೇ ಇಲ್ಲಿ ಮಳೆಗೆ ಕರೆಂಟು ಹೋಯಿತು. ಯುಪಿಎಸ್ ಇರುವುದು ಬಿಲ್ಲಿನ ಯಂತ್ರಕ್ಕೆ ಮಾತ್ರವೆಂಬುದು ಆಗ ತಿಳಿಯಿತು. ಪುಣ್ಯಕ್ಕೆ ರೇಸ್ ಮತ್ತೆ ಆರಂಭವಾಗುವಷ್ಟರಲ್ಲಿ ಕರೆಂಟು ಬಂದಿತು.

ಮೊನಾಕೊದ 3.337 ಕಿ.ಮೀ. ಉದ್ದದ ಆ ಇಕ್ಕಟ್ಟಾದ ಬೀದಿಗಳಲ್ಲಿ ಹಿಂದಿಕ್ಕುವುದು ಎಷ್ಟು ಕಷ್ಟವೆಂದರೆ, 78 ಸುತ್ತುಗಳ ನಂತರವೂ ಮೊದಲ ಹತ್ತು ಮಂದಿ ಹೊರಟ ಕ್ರಮದಲ್ಲೇ ಗುರಿ ಮುಟ್ಟಿದರು. ಆದ್ದರಿಂದ ನಡುವಿನ ಒಂದು ಗಂಟೆ ಕಾಫಿಯೇ ನಮ್ಮನ್ನು ಎಚ್ಚರವಾಗಿಟ್ಟಿತು: ಚಿಕೋರಿ ಬೆರೆಸದ ಪುಡಿ, ಗಟ್ಟಿ ಡಿಕಾಕ್ಷನ್, ಲೋಟದ ಅಂಚಿಗೆ ಅಂಟಿದ ಕಂದು ನೊರೆ. ಕೋಡುಬಳೆ ಮಾತ್ರ ಮೆತ್ತಗಾಗಿತ್ತು.

1931ರಲ್ಲಿ ಲೂಯಿ ಶಿರೋನ್ ಗೆದ್ದ ಬಳಿಕ ತವರಿನ ಈ ರೇಸನ್ನು ಗೆದ್ದ ಮೊದಲ ಮೊನಾಕೊದವರಾಗಿ ಚಾರ್ಲ್ಸ್ ಲೆಕ್ಲೇರ್ ಗೆರೆ ದಾಟಿದಾಗ, ತೋಟದಿಂದ ನೇರವಾಗಿ ಬಂದಿದ್ದ ಹಿರಿಯರೊಬ್ಬರು ಕೆಸರಿನ ಬೂಟಿನಲ್ಲೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈ ಕೆಫೆಯಲ್ಲಿ ಹಿಂದಿನ ಸಾಲಿನ ಕುರ್ಚಿಗಳಿಗೆ ಕಂಬ ಅಡ್ಡ ಬರುತ್ತದೆ. ಆರು ಗಂಟೆಯೊಳಗೆ ಹೋಗಿ ಕಿಟಕಿಯ ಪಕ್ಕ ಕೂರುವುದು ಒಳಿತು.