ಹಾರ್ಡ್ ಡಿಸ್ಕ್ ಕೈಕೊಡುವ ಮುನ್ನ: ಸ್ಮಾರ್ಟ್ ವರದಿಯೋ, ಪೂರ್ಣ ಸ್ಕ್ಯಾನೋ?

ಕಂಪ್ಯೂಟರ್ ಕಡತಗಳನ್ನು ತೆರೆಯಲು ತಡವರಿಸತೊಡಗಿದಾಗ ನಮ್ಮೆದುರು ಎರಡು ದಾರಿಗಳಿರುತ್ತವೆ: ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ದಾಖಲೆಯನ್ನು ಓದುವುದು, ಇಲ್ಲವೇ ಇಡೀ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿ ಪರೀಕ್ಷಿಸುವುದು.

ಮೊದಲನೆಯದು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಲ್ಲಿ ಕ್ಷಣಮಾತ್ರದಲ್ಲಿ ಮುಗಿಯುತ್ತದೆ, ಡಿಸ್ಕಿಗೆ ಶ್ರಮವೂ ಇಲ್ಲ. ಕಳೆದ ಮಳೆಗಾಲದಲ್ಲಿ ಉಡುಪಿಯ ನಮ್ಮ ಮನೆಯಲ್ಲಿ, ಯಕ್ಷಗಾನದ ಧ್ವನಿಮುದ್ರಣಗಳಿದ್ದ ಡಿಸ್ಕಿನ 197ನೆಯ ಅಂಶದಲ್ಲಿ, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ (ಡಿಸ್ಕಿನ ಪುಟ್ಟ ತುಣುಕುಗಳ) ಲೆಕ್ಕದಲ್ಲಿ, ಮೊದಲ ದಿನ 8, ಮರುದಿನ 18 ಎಂದು ಕಂಡಿತು. ಈ ತಂತ್ರಾಂಶ ಮೂಲ ಸಂಖ್ಯೆಗಳನ್ನು ಹದಿನಾರರ ಮಾನದಲ್ಲಿ ತೋರಿಸುವುದರಿಂದ ಆ 18 ನಿಜಕ್ಕೂ 24 (ಒಂದು ಹದಿನಾರು, ಜೊತೆಗೆ ಎಂಟು). ಒಟ್ಟು ಫಲಿತಾಂಶ ‘ಪಾಸ್’ ಎಂದಿದ್ದರೂ 5 (ಬದಲಿ ಜಾಗಕ್ಕೆ ಸರಿಸಿದ ಸೆಕ್ಟರುಗಳು), 197 ಮತ್ತು 198ರ (ಸರಿಪಡಿಸಲಾಗದ ಸೆಕ್ಟರುಗಳು) ಸಂಖ್ಯೆಗಳು ಏರುತ್ತಿದ್ದರೆ ಅದನ್ನು ನಂಬಬಾರದು. 199, ಅಂದರೆ ಕೇಬಲ್ಲಿನಲ್ಲಿ ದತ್ತಾಂಶ ಸಾಗುವಾಗಿನ ದೋಷಗಳ ಲೆಕ್ಕ, ಮಾತ್ರ ಏರಿದರೆ ಮೊದಲು ಕೇಬಲ್ ಬದಲಿಸಿ ನೋಡಬೇಕು.

ಆದರೆ ಬಹುಕಾಲದಿಂದ ಓದದ ಭಾಗದಲ್ಲಿನ ದೋಷ ಸ್ಮಾರ್ಟ್ ದಾಖಲೆಗೆ ತಿಳಿದಿರುವುದಿಲ್ಲ. ಅದನ್ನು ಹಿಡಿಯುವುದು ಪೂರ್ಣ ಸ್ಕ್ಯಾನ್. ದೊಡ್ಡ ಡಿಸ್ಕಿಗೆ ಇದು ಗಂಟೆಗಟ್ಟಲೆ ಹಿಡಿಯುತ್ತದೆ, ನಮ್ಮ ಕರಾವಳಿಯ ಜುಲೈನಲ್ಲಿ ಅಷ್ಟು ಹೊತ್ತು ಕರೆಂಟ್ ಇರುವ ಭರವಸೆಯಿಲ್ಲ. ವಿಂಡೋಸ್‌ನ ಚೆಕ್‌ಡಿಸ್ಕ್ ಎಂಬ ಡಿಸ್ಕ್ ಪರೀಕ್ಷಾ ಸಾಧನದ ದುರಸ್ತಿಯಂತೂ ಡಿಸ್ಕಿನ ಮೇಲೆ ಬರೆಯುವುದರಿಂದ, ಪ್ರತಿ ತೆಗೆಯದೆ ಅದನ್ನು ಓಡಿಸಿದರೆ ಉಳಿಯಬಹುದಾಗಿದ್ದ ಕಡತಗಳೂ ಹೋಗಬಹುದು.

ಹಾಗಾಗಿ ನಾನು ಸ್ಮಾರ್ಟ್ ವರದಿಯನ್ನೇ ಮೊದಲು ನೋಡುತ್ತೇನೆ, ಪ್ರತಿ ತೆಗೆದ ಬಳಿಕವೇ ಸ್ಕ್ಯಾನಿಗೆ ಹೋಗುತ್ತೇನೆ. ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಎರಡೂ ಬೇಡ. ಕೂಡಲೇ ಆಫ್ ಮಾಡಿ, ದತ್ತಾಂಶ ಮರಳಿ ಪಡೆದುಕೊಡುವ ಪರಿಣತರಿಗೆ ಒಪ್ಪಿಸಬೇಕು.