121 ಬ್ಲಾಕ್‌ಗಳ ಪೆಟ್ಟಿಗೆ: ಬಿಡಿ ಬೇಕಾದಷ್ಟು, ಹತ್ತರ ಪಟ್ಟಿಯೇ ಸಾಲದು

ಸ್ಥಾನಬೆಲೆ ಕಲಿಸಲು ಶಾಲೆಗಳು ಕೊಳ್ಳುವ ಬೇಸ್ ಟೆನ್ ಬ್ಲಾಕ್‌ಗಳ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 121 ತುಂಡುಗಳಿರುತ್ತವೆ: 1 ಸೆಂ.ಮೀ. ಅಂಚಿನ ಬಿಡಿ 100, 10 ಸೆಂ.ಮೀ. ಉದ್ದದ ಹತ್ತರ ಪಟ್ಟಿ 10, ನೂರರ ಹಲಗೆ 10, ಸಾವಿರದ ಘನ 1. ಒಬ್ಬ ಶಿಕ್ಷಕರು ಮೇಜಿನ ಮೇಲಿಟ್ಟು ತೋರಿಸಲು ಇಷ್ಟು ಸಾಕು. ಮಕ್ಕಳ ಕೈಗೆ ಕೊಟ್ಟ ಕೂಡಲೇ ಕೊರತೆ ಶುರುವಾಗುತ್ತದೆ.

58 + 37 ಮಾಡಲು ಒಂದು ಗುಂಪಿಗೆ 8 ಪಟ್ಟಿ, 15 ಬಿಡಿ ಬೇಕು. ಹತ್ತು ಬಿಡಿ ಕೊಟ್ಟು ಪಡೆಯಲು ಇನ್ನೊಂದು ಪಟ್ಟಿ. ಪೆಟ್ಟಿಗೆಯ 9 ಪಟ್ಟಿ ಅಲ್ಲಿಗೇ ಮುಗಿದವು. ಬಿಡಿ ಮಾತ್ರ 85 ಉಳಿದಿವೆ. 23 × 14 ಅನ್ನು ಆಯತವಾಗಿ ಜೋಡಿಸಲು 2 ಹಲಗೆ, 11 ಪಟ್ಟಿ, 12 ಬಿಡಿ ಬೇಕು, ಪಟ್ಟಿ ಇರುವುದೇ ಹತ್ತು. ಆದ್ದರಿಂದ ನಾಲ್ಕು ಮಕ್ಕಳ ಪ್ರತಿ ಗುಂಪಿಗೆ 20 ಪಟ್ಟಿ, 30 ಬಿಡಿ, 5 ಹಲಗೆ ಎಂದು ಲೆಕ್ಕ ಹಾಕಿ ಬಿಡಿಬಿಡಿಯಾಗಿ ಕೊಳ್ಳುವುದು ಮೇಲು. ಹಾಗೆ ಸಿಗದಿದ್ದರೆ 1 ಸೆಂ.ಮೀ. ಚೌಕದ ಹಾಳೆಯನ್ನು ರಟ್ಟಿಗೆ ಅಂಟಿಸಿ ಪಟ್ಟಿಗಳನ್ನು ಕತ್ತರಿಸಿಕೊಳ್ಳಬಹುದು. ಒಂದು ಎ4 ಹಾಳೆಯಲ್ಲಿ ಐವತ್ತು ಪಟ್ಟಿ ಆರಾಮವಾಗಿ ಬರುತ್ತವೆ.

ಬಣ್ಣದ ವಿಷಯದಲ್ಲಿ ನಮ್ಮ ಮತ ಸ್ಪಷ್ಟ: ಒಂದೇ ಬಣ್ಣದ್ದು ತೆಗೆದುಕೊಳ್ಳಿ. ಬಿಡಿ ಹಳದಿ, ಪಟ್ಟಿ ಹಸಿರು, ಹಲಗೆ ನೀಲಿ ಇರುವ ಪೆಟ್ಟಿಗೆ ಚೆಂದ ಕಾಣುತ್ತದೆ, ಆದರೆ ಮಕ್ಕಳು 'ಹತ್ತು' ಅನ್ನುವ ಬದಲು 'ಹಸಿರು' ಅನ್ನತೊಡಗುತ್ತಾರೆ. ಹತ್ತು ಹಳದಿ ಬಿಡಿ ಸೇರಿ ಹಸಿರು ಪಟ್ಟಿ ಹೇಗಾಯಿತು ಎಂಬುದು ಕಣ್ಣಿಗೆ ಕಾಣುವುದಿಲ್ಲ.

ಕೊಳ್ಳುವಾಗ ಹತ್ತು ಬಿಡಿಗಳನ್ನು ಒತ್ತಿ ಜೋಡಿಸಿ ಪಟ್ಟಿಯ ಪಕ್ಕ ಇಟ್ಟು ನೋಡಿ. ಒಂದೊಂದರಲ್ಲಿ 0.2 ಮಿ.ಮೀ. ಹೆಚ್ಚಿದ್ದರೂ ಹತ್ತಕ್ಕೆ 2 ಮಿ.ಮೀ. ಆಚೆ ಚಾಚುತ್ತದೆ, 'ಎರಡೂ ಸಮ ಇಲ್ಲವಲ್ಲ' ಎಂದು ಮಗು ಕೇಳಿದರೆ ಅದರ ಮಾತೇ ಸರಿ. ಫೋಮ್‌ನವು ಸದ್ದು ಮಾಡುವುದಿಲ್ಲ, ಆದರೆ ಫ್ಯಾನ್ ಗಾಳಿಗೆ ಸರಿದಾಡುತ್ತವೆ. ಪ್ಲಾಸ್ಟಿಕ್ಕಿನವೇ ಇದ್ದರೆ ಕೆಳಗೆ ಬಟ್ಟೆ ಹಾಸಿ. ಆಟಿಕೆಯೆಂದು ಮಾರುವುದಕ್ಕೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ, ಅದನ್ನೂ ನೋಡಿ. ಬಿಡಿ ಘನಗಳು ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಿಗಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಒಂದನೇ ತರಗತಿಗೆ ಇದನ್ನೇ ಮೊದಲು ಕೊಡಬೇಡಿ. ಮೊದಲು ಕಡ್ಡಿ ಮತ್ತು ರಬ್ಬರ್ ಬ್ಯಾಂಡ್. ಹತ್ತು ಕಡ್ಡಿಯ ಕಟ್ಟನ್ನು ಮಗು ತಾನೇ ಕಟ್ಟುತ್ತದೆ, ತಾನೇ ಬಿಚ್ಚುತ್ತದೆ. ಪಟ್ಟಿಯನ್ನು ಬಿಚ್ಚಲು ಬರುವುದಿಲ್ಲ, ಕೊಟ್ಟು ಬದಲಿಸಿಕೊಳ್ಳಬೇಕು. ಬಿಚ್ಚಿದ ಅನುಭವವಿಲ್ಲದ ಮಗು 3 ಪಟ್ಟಿ, 4 ಬಿಡಿ ನೋಡಿ 'ಏಳು' ಎನ್ನುತ್ತದೆ. ಕಟ್ಟಿನಿಂದ ಪಟ್ಟಿಗೆ ಬರುವಾಗ ಕನ್ನಡದ ಎಣಿಕೆಯೇ ಜೊತೆಗಿರುತ್ತದೆ: ಇಪ್ಪತ್ತು, ಮೂವತ್ತು, ನಲವತ್ತು ಎಲ್ಲದರೊಳಗೂ ಹತ್ತು ಕೇಳಿಸುತ್ತದೆ, ಮೂವತ್ತನಾಲ್ಕರಲ್ಲಿ ಹತ್ತುಗಳು ಮೊದಲು, ಬಿಡಿ ಆಮೇಲೆ. ಮಗು ಪಟ್ಟಿ ಇಡುತ್ತಾ ಬಾಯಲ್ಲಿ ಹೇಳಲಿ.

ಬ್ಲಾಕ್‌ನ ನಿಜವಾದ ಬಲ ಕಾಣುವುದು ಕಳೆಯುವ ಲೆಕ್ಕದಲ್ಲಿ. 403 − 168 ತೆಗೆದುಕೊಳ್ಳಿ. 4 ಹಲಗೆ, 3 ಬಿಡಿ ಇಡಿಸಿ. ಮೂರರಿಂದ ಎಂಟು ಹೋಗದು, ಪಕ್ಕದಲ್ಲಿ ಪಟ್ಟಿಯೂ ಇಲ್ಲ. ಒಂದು ಹಲಗೆ ಕೊಟ್ಟು 10 ಪಟ್ಟಿ, ಅದರಲ್ಲಿ ಒಂದು ಪಟ್ಟಿ ಕೊಟ್ಟು 10 ಬಿಡಿ. ಈಗ 3 ಹಲಗೆ, 9 ಪಟ್ಟಿ, 13 ಬಿಡಿ. 168 ತೆಗೆದರೆ 235. ಸೊನ್ನೆಯ ಜಾಗದಲ್ಲಿ 9 ಎಲ್ಲಿಂದ ಬಂತು ಎಂಬುದನ್ನು ಬಾಯಲ್ಲಿ ವಿವರಿಸುವುದು ಬಹಳ ಕಷ್ಟ, ಇಲ್ಲಿ ಅದು ಎದುರಿಗೇ ಇರುತ್ತದೆ. 'ಪಕ್ಕದ ಮನೆಯಿಂದ ಸಾಲ' ಎಂಬ ಹಳೆಯ ಮಾತನ್ನು ಈ ಹಂತದಲ್ಲಿ ಬಿಡುವುದೇ ಒಳ್ಳೆಯದು. ಇದು ಸಾಲವಲ್ಲ, ಚಿಲ್ಲರೆ ಮಾಡಿಸುವುದು. ಗುಂಪಿನಲ್ಲಿ ಒಬ್ಬರು ಚಿಲ್ಲರೆ ಕೊಡಲಿ, ಒಬ್ಬರು ಜೋಡಿಸಲಿ, ಒಬ್ಬರು ಗಟ್ಟಿಯಾಗಿ ಹೇಳಲಿ, ಒಬ್ಬರು ಪ್ರತಿ ಬದಲಾವಣೆಯನ್ನೂ ಆ ಕ್ಷಣವೇ ಬರೆಯಲಿ. ಆಮೇಲೆ ಬರೆದರಾಯಿತು ಎಂದು ಬಿಟ್ಟರೆ ಬ್ಲಾಕ್ ಒಂದು ಕಡೆ, ಪುಸ್ತಕದ ಲೆಕ್ಕ ಇನ್ನೊಂದು ಕಡೆ ಆಗುತ್ತದೆ.

ನೂರು, ಹತ್ತು, ಬಿಡಿ ಎಂದು ಮೂರು ಕಂಬ ಎಳೆದ ಹಾಳೆ ಪೆಟ್ಟಿಗೆಯಲ್ಲಿ ಬರದಿದ್ದರೆ ನೀವೇ ಮಾಡಬೇಕು. ಎ4 ಹಾಳೆ ಬೇಡ: ಅಡ್ಡ ಇಟ್ಟರೂ ಒಂದು ಕಂಬಕ್ಕೆ 9.9 ಸೆಂ.ಮೀ., ನೂರರ ಹಲಗೆ 10 ಸೆಂ.ಮೀ. ಎ3ಯಲ್ಲಿ 14 ಸೆಂ.ಮೀ. ಸಿಗುತ್ತದೆ. ಈ ಹಾಳೆ ಇಲ್ಲದೆ ಬ್ಲಾಕ್ ಸ್ಥಾನವನ್ನು ಕಲಿಸುವುದೇ ಇಲ್ಲ. 4 ಬಿಡಿ ಎಡಕ್ಕೆ, 3 ಪಟ್ಟಿ ಬಲಕ್ಕೆ ಇಟ್ಟರೂ ಅದು ಮೂವತ್ತನಾಲ್ಕೇ. ಅಬ್ಯಾಕಸ್‌ನಲ್ಲಿ ಇದು ತಿರುಗುಮುರುಗು: ಸ್ಥಾನ ಗೊತ್ತಾಗುತ್ತದೆ, ಗಾತ್ರ ಕಾಣುವುದಿಲ್ಲ. ಎರಡೂ ಬೇಕು, ಬ್ಲಾಕ್ ಮೊದಲು.

ದಶಮಾಂಶಕ್ಕೂ ಇದೇ ಸಾಕು ಎಂದು ಮಾರುವವರು ಹೇಳುತ್ತಾರೆ: ಹಲಗೆ 1, ಪಟ್ಟಿ 0.1, ಬಿಡಿ 0.01. ಎರಡು ವರ್ಷ ಹಲಗೆಯನ್ನು ನೂರು ಎಂದ ಮಕ್ಕಳಿಗೆ ಇದು ಗೊಂದಲ. ಅಲ್ಲಿಗೆ 10 × 10 ಚೌಕದ ಹಾಳೆಗೆ ಬಣ್ಣ ಹಚ್ಚಿಸುವುದು ಸಲೀಸು.

ಸಾವಿರದ ಘನ ಇಡೀ ತರಗತಿಗೆ ಒಂದೇ ಸಾಕು. ಆರು ಮುಖಗಳ ಚೌಕಗಳನ್ನಷ್ಟೇ ಎಣಿಸಿ 'ಆರುನೂರು' ಎನ್ನುವ ಮಕ್ಕಳು ಸಿಗುತ್ತಾರೆ, ಒಳಗೆ ಟೊಳ್ಳಾಗಿದ್ದರಂತೂ ಇನ್ನೂ ಹೆಚ್ಚು. ಎರಡು ಗುಂಪುಗಳ ಹಲಗೆ ಸೇರಿಸಿ ಹತ್ತನ್ನೂ ಒಂದರ ಮೇಲೊಂದು ಪೇರಿಸಿ ಘನದ ಪಕ್ಕ ನಿಲ್ಲಿಸಿ, ಒಂದೊಂದು ಹಲಗೆ ಇಡುವಾಗಲೂ ನೂರು, ಇನ್ನೂರು ಎಂದು ಎಣಿಸಲಿ.