ಹಲ್ಲು ತೋರಿಸಲು ಹೋದಾಗ ಕುತ್ತಿಗೆಯನ್ನೂ ಮುಟ್ಟಿ ನೋಡಿದ ಡಾಕ್ಟರು

ಕಳೆದ ಮಳೆಗಾಲದಲ್ಲಿ ನೀರ್ಚಾಲಿನ ನಮ್ಮ ಸೋದರಮಾವನನ್ನು ಹಲ್ಲುನೋವು ಅಂತ ಬದಿಯಡ್ಕದ ಈ ಕ್ಲಿನಿಕ್‌ಗೆ ಕರೆತಂದಿದ್ದೆ. ಅವರಿಗೆ 61 ವರ್ಷ. ಎಲೆಯಡಿಕೆ ಜೊತೆ ಹೊಗೆಸೊಪ್ಪು 40 ವರ್ಷದ ಅಭ್ಯಾಸ. ಡಾಕ್ಟರು ಹಲ್ಲು ನೋಡಿದರು. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಬದಿ ನೋಡಿದರು. ಆಮೇಲೆ ಕುರ್ಚಿಯ ಹಿಂದೆ ನಿಂತು, "ಮಾವಾ, ತಲೆ ಸ್ವಲ್ಪ ತಗ್ಗಿಸಿ" ಅಂತ ಹೇಳಿ ದವಡೆಯ ಕೆಳಗಿನಿಂದ ಹೆಗಲಿನವರೆಗೆ ಬೆರಳಲ್ಲಿ ಒತ್ತುತ್ತಾ ಬಂದರು. ಬಲಗಡೆ ಒಂದು ಕಡೆ ಕೈ ನಿಂತಿತು.

ಆ ಗಂಟು ನಮಗೆ ಹೊಸದಲ್ಲ. ಬೇರೊಂದು ಕಡೆ ಅದಕ್ಕೆ 2 ಸಲ ಆಂಟಿಬಯೋಟಿಕ್ ಬರೆದುಕೊಟ್ಟಿದ್ದರು. ಬಾಯಿ ತೆರೆಸಿ ನೋಡಿರಲಿಲ್ಲ. ನೋವಿಲ್ಲ ಅಂತ ಮಾವನೂ ಸುಮ್ನಿದ್ದರು. "ನೋವಿಲ್ಲ ಅನ್ನೋದೇ ನನಗೆ ಚಿಂತೆ" ಅಂದರು ಡಾಕ್ಟರು. ಸೋಂಕಿಗೆ ಊದಿದ ಗಂಟು ಸಾಮಾನ್ಯವಾಗಿ ಮುಟ್ಟಿದರೆ ನೋಯುತ್ತದೆ, 2-3 ವಾರದಲ್ಲಿ ಇಳಿಯುತ್ತದೆ. ಇದು ಹಸಿ ಅಡಿಕೆಯ ಹಾಗೆ ಗಟ್ಟಿ. ನಾಲಿಗೆಯ ಬಲಬದಿಯಲ್ಲಿ ಹಲ್ಲು ತಾಗುವಲ್ಲಿ ವಾಸಿಯಾಗದ ಹುಣ್ಣೂ ಇತ್ತು. ಅವತ್ತು ಹಲ್ಲು ಕೀಳಲಿಲ್ಲ. ಕಾಗದ ಬರೆದುಕೊಟ್ಟು, ಮಂಗಳೂರಿಗೆ ನಾಳೆಯೇ ಹೋಗಿ ಅಂದರು. ಹುಣ್ಣಿನ ಬಯಾಪ್ಸಿ, ಗಂಟಿನ ಸೂಜಿ ಪರೀಕ್ಷೆ, ಎರಡರಲ್ಲೂ ಕ್ಯಾನ್ಸರ್ ಬಂತು.

ನಾಲಿಗೆಯ ಜೊತೆ ಕುತ್ತಿಗೆಗೂ ಆಪರೇಷನ್ ಬೇಕು ಅಂದರು ಮಂಗಳೂರಿನಲ್ಲಿ. ಅತ್ತೆಗೆ ಒಂದೇ ಪ್ರಶ್ನೆ. "ನಾಲಿಗೆಯಲ್ಲಿ ಆದದ್ದಕ್ಕೆ ಕುತ್ತಿಗೆ ಯಾಕೆ ಕೊಯ್ಯುವುದು?" ಆಪರೇಷನ್‌ಗೆ ಮೊದಲು ಪುನಃ ಇಲ್ಲಿಗೇ ಬಂದೆವು. ಡಾಕ್ಟರು ಚೀಟಿಯ ಹಿಂದೆ ನಮ್ಮ ಅಡಿಕೆ ತೋಟದ ಕಣಿಯನ್ನೇ ಬರೆದು ತೋರಿಸಿದರು. ಸಾಲುಸಾಲಿನ ನೀರು ಕಣಿಗೆ ಇಳಿಯುತ್ತದೆ, ಅಲ್ವಾ? ಬಾಯಿ, ಗಂಟಲಿನಿಂದಲೂ ಒಂದು ತಿಳಿನೀರು ಹಾಗೇ ಸಣ್ಣ ಕೊಳವೆಗಳಲ್ಲಿ ಇಳಿಯುತ್ತದೆ. ದಾರಿಯಲ್ಲಿ ಅದನ್ನು ಸೋಸುವ ಗಂಟುಗಳೇ ಲಿಂಫ್ ನೋಡ್. ಕುತ್ತಿಗೆಯಲ್ಲೇ ಸುಮಾರು 300 ಇವೆಯಂತೆ. ಹುಣ್ಣಿನಿಂದ ಕಳಚಿದ ಕ್ಯಾನ್ಸರ್ ಕಣ ಮೊದಲು ಸಿಗುವ ಗಂಟಿನಲ್ಲಿ ತಂಗಿ ಬೆಳೆಯುತ್ತದೆ. ಯಾವ ಜಾಗದ ನೀರು ಎಲ್ಲಿಗೆ ಅನ್ನೋದೂ ಹೆಚ್ಚುಕಮ್ಮಿ ಗೊತ್ತಿದೆ. ನಾಲಿಗೆಯದ್ದು ದವಡೆಯ ಕೆಳಗೆ ಮತ್ತು ಕುತ್ತಿಗೆಯ ಮೇಲ್ಭಾಗ, ನಡುಭಾಗಕ್ಕೆ. ಹುಣ್ಣು ನಾಲಿಗೆಯ ನಡುವಿನಲ್ಲಿದ್ದರೆ ಎರಡೂ ಬದಿಗೆ. ಸ್ವರತಂತುವಿನಲ್ಲಿ ಈ ಕೊಳವೆಗಳು ಕಮ್ಮಿ, ಹಾಗಾಗಿ ಅಲ್ಲಿನ ಕ್ಯಾನ್ಸರ್ ಕುತ್ತಿಗೆಗೆ ತಡವಾಗಿ ಬರುತ್ತದೆ. ಹುಣ್ಣು ಅಗಲಕ್ಕಿಂತ ಆಳಕ್ಕೆ ಇಳಿದಷ್ಟೂ ಗಂಟಿಗೆ ಹೋಗುವ ಅಪಾಯ ಜಾಸ್ತಿ.

ಕೈಗೆ ಗಂಟು ಸಿಗದಿದ್ದರೂ ತೆಗೆಯುವುದುಂಟು ಅಂದರು. ಮುಂಬೈಯ ಟಾಟಾ ಆಸ್ಪತ್ರೆಯವರು ಬಾಯಿ ಕ್ಯಾನ್ಸರಿನ ಆರಂಭದ ಹಂತದವರಲ್ಲಿ ಇದನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ್ದಾರೆ. ಗಂಟುಗಳನ್ನು ಮೊದಲೇ ತೆಗೆದವರಲ್ಲಿ 3 ವರ್ಷದ ನಂತರ ಬದುಕಿದ್ದವರು 100ಕ್ಕೆ 80. ಗಂಟು ಕಾಣಿಸಿಕೊಂಡ ಮೇಲೆ ತೆಗೆದವರಲ್ಲಿ 67.5. ಅತ್ತೆ ಇದನ್ನು ಕೇಳಿದ ಮೇಲೆಯೇ ಒಪ್ಪಿದ್ದು. ಅಷ್ಟು ಹೊತ್ತು ಕೂತು ಹೇಳಿದ್ದಕ್ಕೆ ನಮ್ಮಿಂದ ದುಡ್ಡು ತೆಗೆದುಕೊಳ್ಳಲಿಲ್ಲ.

ಮಾವನ ಕುತ್ತಿಗೆಯಿಂದ 32 ಗಂಟು ತೆಗೆದರು. 1ರಲ್ಲಿ ಮಾತ್ರ ಕ್ಯಾನ್ಸರ್, ಅದೂ ಗಂಟಿನ ಸಿಪ್ಪೆ ಒಡೆದು ಹೊರಗೆ ಬಂದಿರಲಿಲ್ಲ. ಒಡೆದಿದ್ದರೆ ರೇಡಿಯೇಷನ್ ಜೊತೆಗೆ ಕೀಮೋವನ್ನೂ ಯೋಚಿಸಬೇಕಿತ್ತಂತೆ. ರೇಡಿಯೇಷನ್ ಮಾತ್ರ ಸಾಕಾಯಿತು, 6 ವಾರ.

ಅದಕ್ಕೆ ಮೊದಲು ಇದೇ ಕ್ಲಿನಿಕ್‌ನಲ್ಲಿ 3 ಹಾಳಾದ ಹಲ್ಲು ತೆಗೆಸಿದೆವು. ರೇಡಿಯೇಷನ್ ಆದ ಮೇಲೆ ಕಿತ್ತರೆ ದವಡೆಯ ಎಲುಬು ಮಾಯದೆ ಕೊಳೆಯುವ ಭಯ ಇದೆ. ಗಾಯ ಮಾಯಲು 2 ವಾರ ಬೇಕು ಅಂತ ಡಾಕ್ಟರು ಮಂಗಳೂರಿಗೆ ಫೋನ್ ಮಾಡಿ ದಿನ ಹೊಂದಿಸಿದರು. ಮಾವನಿಗೆ ಕೈ ಎತ್ತಲು ಈಗಲೂ ಸ್ವಲ್ಪ ಕಷ್ಟ. ಹೆಗಲಿನ ನರ ಗಂಟುಗಳ ನಡುವೆಯೇ ಹೋಗುತ್ತದೆ. ಮಾವ ದಿನಾ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಮಾಡುತ್ತಾರೆ.

ಕೊರತೆಯನ್ನೂ ಹೇಳಬೇಕು. ಕ್ಲಿನಿಕ್ ಮಹಡಿಯ ಮೇಲಿದೆ, ಲಿಫ್ಟ್ ಇಲ್ಲ. ಒಪ್ಪಿಗೆ ಫಾರಂ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ. ಅತ್ತೆಗೆ ಎರಡೂ ಓದಲು ಬರುವುದಿಲ್ಲ. ಒಂದು ಕನ್ನಡ ಫಾರಂ ಇಡಿ ಅಂತ ಕೇಳಿದ್ದೇನೆ, ಬರೆದುಕೊಡಲು ನಾನೇ ಒಪ್ಪಿದ್ದೇನೆ. ಶನಿವಾರ ಜನ ಜಾಸ್ತಿ, ಬುಧವಾರ ಬೆಳಿಗ್ಗೆ ಹೋಗಿ. ಹಲ್ಲು ತೋರಿಸಿ ಆದ ಮೇಲೆ ಕುರ್ಚಿಯಿಂದ ಏಳಬೇಡಿ, ಅವರು ಕುತ್ತಿಗೆಯನ್ನೂ ನೋಡುತ್ತಾರೆ.